ಅಟ್ಟದ ಮೇಲೆ ಓಡಾಡೋದು ಯಾರು?

ಅಕ್ಟೋಬರ್ ಕೊನೆಗೆ ಉತ್ತರದಿಂದ ಮೊದಲ ತಣ್ಣನೆ ಗಾಳಿ ಬೀಸಿತು ಅಂದ್ರೆ ಮಿಸೌರಿ ಸಿಟಿಯ ಎಷ್ಟೋ ಮನೆಗಳಲ್ಲಿ ರಾತ್ರಿ ಹೊತ್ತು ಒಂದು ಸದ್ದು ಶುರುವಾಗುತ್ತೆ. ಮಲಗೋ ಕೋಣೆಯ ಸೀಲಿಂಗ್ ಮೇಲೆ ಯಾರೋ ಗೋಲಿ ಉರುಳಿಸಿದ ಹಾಗೆ, ಸ್ವಲ್ಪ ಹೊತ್ತಾದ ಮೇಲೆ ಗೋಡೆಯೊಳಗೆ ಕರಕರ ಕೆರೆದ ಹಾಗೆ. ನಮ್ಮವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತೆ. ಒಬ್ಬರು ಅಳಿಲು ಅಂತಾರೆ, ಇನ್ನೊಬ್ಬರು ಎಸಿ ಡಕ್ಟ್ ಸದ್ದು ಅಂತಾರೆ. ಹಗಲು ಓಡಾಡಿದರೆ ಅಳಿಲು ಇರಬಹುದು. ದೀಪ ಆರಿಸಿದ ಮೇಲೆ ಓಡಾಡೋದು ಬಹುಮಟ್ಟಿಗೆ ಇಲಿ.

ಊರಿನಲ್ಲಿ ಇಲಿ ಕಾಟ ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಅಲ್ಲಿನ ಅನುಭವ ಇಲ್ಲಿ ಅರ್ಧಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತೆ. ಬೆಂಗಳೂರು, ಮೈಸೂರಿನ ಕಡೆ ನಮ್ಮ ತಲೆನೋವು ಹೆಗ್ಗಣ. ಅದು ಚರಂಡಿಯಿಂದ ಬರುತ್ತೆ, ಹಿತ್ತಿಲಲ್ಲಿ ಬಿಲ ತೋಡುತ್ತೆ, ಬಚ್ಚಲ ತೂತಿನಿಂದ ಒಳಗೆ ನುಗ್ಗುತ್ತೆ. ಅದಕ್ಕೇ ನಾವು ಇಲಿ ಅಂದ ಕೂಡಲೇ ನೆಲ ನೋಡ್ತೀವಿ, ಸಿಂಕ್ ಕೆಳಗೆ ಬಗ್ಗಿ ಟಾರ್ಚ್ ಹಾಕ್ತೀವಿ. ಹ್ಯೂಸ್ಟನ್ ಸುತ್ತಮುತ್ತ ಹೆಚ್ಚಾಗಿ ಕಾಟ ಕೊಡೋದು ರೂಫ್ ರ‍್ಯಾಟ್, ಅಂದರೆ ಸೂರಿನ ಇಲಿ. ಅದು ಮೇಲಿನಿಂದ ಬರುತ್ತೆ. ಮರ ಹತ್ತುತ್ತೆ, ಬೇಲಿಯ ಮೇಲೆ ನಡೆಯುತ್ತೆ, ಕೇಬಲ್ ತಂತಿಯ ಮೇಲೆ ಸರ್ಕಸ್‌ನವರ ಹಾಗೆ ಬಾಲ ಆಡಿಸಿಕೊಂಡು ದಾಟುತ್ತೆ. ನಾವು ಮೊದಲು ನೋಡಬೇಕಾದ್ದು ಸಿಂಕ್ ಅಲ್ಲ, ಛಾವಣಿ.

ತಮಾಷೆ ಏನಂದ್ರೆ ಈ ಇಲಿಯ ಮೂಲ ಭಾರತ ಉಪಖಂಡ. ಕಾಳುಮೆಣಸು, ಬಟ್ಟೆ ತುಂಬಿಕೊಂಡು ಪಶ್ಚಿಮಕ್ಕೆ ಹೊರಟ ಹಡಗುಗಳಲ್ಲಿ ಸೇರಿಕೊಂಡು ರೋಮನ್ನರ ಕಾಲಕ್ಕೇ ಯುರೋಪ್ ಮುಟ್ಟಿತು, ಅಲ್ಲಿಂದ ಹಡಗಿನಲ್ಲೇ ಅಮೆರಿಕಕ್ಕೂ ಬಂತು. ಹಾಗಾಗಿ ಅದಕ್ಕೆ ಇನ್ನೊಂದು ಹೆಸರು ಹಡಗಿಲಿ. ವೀಸಾ ಇಲ್ಲದೆ ನಮಗಿಂತ ಮುಂಚೆ ಬಂದು ಸೆಟ್ಲ್ ಆಗಿರೋ ಪ್ರಾಣಿ ಅದು.

ಹಡಗಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಇಲಿಯನ್ನ ಹೇಗೆ ದೂರ ಇಡಬೇಕು ಅನ್ನೋದನ್ನ ಚೆನ್ನಾಗಿ ಕಲಿತವರು ನಾವಿಕರು. ಹ್ಯೂಸ್ಟನ್ ಬಂದರಿನಲ್ಲಾಗಲಿ, ನಮ್ಮ ಪಣಂಬೂರಿನ ನವಮಂಗಳೂರು ಬಂದರಿನಲ್ಲಾಗಲಿ ದೊಡ್ಡ ಹಡಗನ್ನ ದಡಕ್ಕೆ ಕಟ್ಟಿದ ಹಗ್ಗಗಳನ್ನ ಗಮನಿಸಿ. ಹಗ್ಗದ ನಡುವೆ ತಟ್ಟೆಯ ಹಾಗೆ ದುಂಡಗಿನ ತಗಡು ಸಿಕ್ಕಿಸಿರ್ತಾರೆ. ಹಗ್ಗ ಹಿಡಿದು ಬಂದ ಇಲಿಗೆ ಆ ತಟ್ಟೆ ದಾಟೋಕೆ ಆಗೋದಿಲ್ಲ. ಹಡಗಿನಲ್ಲಿ ಇಲಿ ಇಲ್ಲ ಅಂತ ಸರ್ಟಿಫಿಕೇಟ್ ಕೊಡೋ ಪದ್ಧತಿ ಬಹಳ ಕಾಲ ಇತ್ತು. ಹೊಸ ಅಂತರರಾಷ್ಟ್ರೀಯ ಆರೋಗ್ಯ ನಿಯಮ 2007ರಲ್ಲಿ ಜಾರಿಯಾದ ಮೇಲೆ ಅದರ ಜಾಗಕ್ಕೆ ಹಡಗಿನ ಒಟ್ಟು ನೈರ್ಮಲ್ಯದ ಸರ್ಟಿಫಿಕೇಟ್ ಬಂತು. ಅದನ್ನೂ ಆರು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕು.

ಇಂಗ್ಲೆಂಡಿನ ಕಾಲುವೆಗಳಲ್ಲಿ ಏಳು ಅಡಿಗೂ ಕಡಿಮೆ ಅಗಲದ ಉದ್ದನೆ ದೋಣಿಗಳಲ್ಲಿ ಜನ ವರ್ಷಪೂರ್ತಿ ಸಂಸಾರ ಮಾಡ್ತಾರೆ. ಇಲ್ಲಿ ನಮ್ಮ ಹತ್ತಿರದ ಕೀಮಾ, ಸೀಬ್ರೂಕ್, ಕ್ಲಿಯರ್ ಲೇಕ್ ಮರೀನಾಗಳಲ್ಲೂ ದೋಣಿಯನ್ನೇ ಮನೆ ಮಾಡಿಕೊಂಡವರಿದ್ದಾರೆ. ದೋಣಿಯಲ್ಲಿ ಇಲಿ ಸೇರಿದರೆ ವಿಷಯ ಬೇರೆಯೇ. ಅದು ವೈರ್ ಕಡಿಯುತ್ತೆ, ನೀರಿನ ರಬ್ಬರ್ ಪೈಪ್ ಕಡಿಯುತ್ತೆ; ನೀರಿನ ಮಟ್ಟಕ್ಕಿಂತ ಕೆಳಗಿರೋ ಪೈಪ್ ಕಡಿದರೆ ದೋಣಿಯೇ ಮುಳುಗಬಹುದು. ಪಾಷಾಣ ಇಟ್ಟರೆ ಮರದ ಹಲಗೆಯ ಹಿಂದೆ ಸತ್ತು ನಾರುತ್ತೆ, ಹಲಗೆ ಕೀಳದೆ ತೆಗೆಯೋಕಾಗಲ್ಲ. ಅದಕ್ಕೆ ದೋಣಿಯವರು ಇಲಿ ಬಂದ ಮೇಲೆ ಹಿಡಿಯೋದಕ್ಕಿಂತ ಬರೋ ದಾರಿ ನೋಡ್ತಾರೆ: ಹಗ್ಗ, ಹತ್ತೋ ಹಲಗೆ, ಕರೆಂಟ್ ಕೇಬಲ್, ನೀರಿನ ಪೈಪ್, ದಡದಿಂದ ದೋಣಿಯ ಮೇಲೆ ಬಾಗಿರೋ ಗಿಡ. ಇಲಿಗೆ ಈಜು ಬರುತ್ತೆ, ಆದರೆ ಒಣ ದಾರಿ ಇರುವಾಗ ಸುಮ್ಮನೆ ಯಾಕೆ ಒದ್ದೆಯಾಗುತ್ತೆ?

ನಮ್ಮ ಮನೆಯನ್ನೂ ದೋಣಿ ಅಂದುಕೊಂಡು ಒಂದು ಸಂಜೆ ಸುತ್ತ ನಡೆದು ಬನ್ನಿ. ಅದನ್ನ ದಡಕ್ಕೆ ಕಟ್ಟಿರೋ ಹಗ್ಗಗಳು ಎಲ್ಲಿವೆ? ಓಯಿಸ್ಟರ್ ಕ್ರೀಕ್ ದಂಡೆಯಲ್ಲಿ, ಕ್ವೇಲ್ ವ್ಯಾಲಿಯ ಗಾಲ್ಫ್ ಮೈದಾನದ ಅಂಚಿನಲ್ಲಿ, ಸಿಯೆನ್ನಾದ ಕೆರೆಗಳ ಪಕ್ಕ ಮನೆ ಇರೋವರಿಗೆ ನೀರು, ಪೊದೆ, ದೊಡ್ಡ ಮರ ಎಲ್ಲಾ ಹತ್ತಿರ. ಛಾವಣಿಗೆ ತಾಗಿದ ಓಕ್ ಕೊಂಬೆ ಒಂದು ಹಗ್ಗ. ಗೋಡೆಗೆ ಹಬ್ಬಿಸಿದ ಬಳ್ಳಿ ಇನ್ನೊಂದು. ಒಣಗಿದ ಗರಿ ಕತ್ತರಿಸದೆ ಬಿಟ್ಟ ಪಾಮ್ ಮರ ಇಲಿಗೆ ಅಪಾರ್ಟ್‌ಮೆಂಟ್ ಇದ್ದ ಹಾಗೆ. ಸೂರಿನ ಇಲಿ ನಾಲ್ಕು ಅಡಿಯಷ್ಟು ಅಡ್ಡ ಹಾರಬಲ್ಲದು. ಹಾಗಾಗಿ ಕೊಂಬೆಗಳನ್ನ ಛಾವಣಿಯಿಂದ ಆರು ಅಡಿ ದೂರಕ್ಕೆ ಕತ್ತರಿಸಿ.

ಆಸ್ಟಿನ್, ಡಲ್ಲಾಸ್ ಕಡೆಯ ಓದುಗರಿಗೆ ಇಲ್ಲೊಂದು ಮಾತು. ಅಲ್ಲಿ ಓಕ್ ಮರಗಳಿಗೆ ಓಕ್ ವಿಲ್ಟ್ ಅನ್ನೋ ಶಿಲೀಂಧ್ರ ರೋಗ ಇದೆ. ಫೆಬ್ರವರಿಯಿಂದ ಜೂನ್‌ವರೆಗೆ ಓಕ್ ಕತ್ತರಿಸಬೇಡಿ ಅಂತ ಟೆಕ್ಸಸ್ ಅರಣ್ಯ ಇಲಾಖೆಯವರು ಹೇಳ್ತಾರೆ. ಯಾವ ತಿಂಗಳಲ್ಲಿ ಕತ್ತರಿಸಿದರೂ ಗಾಯಕ್ಕೆ ಕೂಡಲೇ ಪೇಂಟ್ ಬಳಿಯಬೇಕು. ಇಲಿ ಓಡಿಸೋಕೆ ಹೋಗಿ ಐವತ್ತು ವರ್ಷದ ಮರ ಕಳೆದುಕೊಂಡರೆ ಪಕ್ಕದ ಮನೆಯವರೂ ಕ್ಷಮಿಸಲ್ಲ, ಯಾಕಂದ್ರೆ ರೋಗ ಬೇರಿನಿಂದ ಬೇರಿಗೆ ಅವರ ಮರಕ್ಕೂ ಹೋಗುತ್ತೆ.

ಹಗ್ಗ ಕಡಿದ ಮೇಲೆ ತೂತು. ಚಿಟ್ಟಿಲಿಗೆ ಕಾಲು ಇಂಚು ಸಾಕು, ಅಂದರೆ ಒಂದು ಪೆನ್ಸಿಲ್ ತೂರೋಷ್ಟು. ದೊಡ್ಡ ಇಲಿಗೆ ಅರ್ಧ ಇಂಚು. ಇಲ್ಲಿನ ಮನೆಗಳಲ್ಲಿ ನೋಡಬೇಕಾದ ಜಾಗಗಳು ಹೆಚ್ಚುಕಡಿಮೆ ಒಂದೇ: ಎರಡು ಛಾವಣಿ ಕೂಡೋ ಮೂಲೆ, ಸೂರಿನ ಅಂಚಿನ ಹಲಗೆ ಮತ್ತು ಇಟ್ಟಿಗೆಯ ನಡುವಿನ ಸಂದು, ಎಸಿ ಪೈಪ್ ಗೋಡೆಯೊಳಗೆ ಹೋಗೋ ತೂತು, ಡ್ರೈಯರ್ ಗಾಳಿ ಹೊರಗೆ ಬಿಡೋ ಕೊಳವೆ, ಗ್ಯಾರೇಜ್ ಬಾಗಿಲ ಕೆಳಗಿನ ರಬ್ಬರ್ ಪಟ್ಟಿಯ ಎರಡು ತುದಿ. ಇಟ್ಟಿಗೆ ಗೋಡೆಯ ಬುಡದಲ್ಲಿ ಅಲ್ಲಲ್ಲಿ ಸಿಮೆಂಟ್ ಬಿಟ್ಟ ಸಂದುಗಳು ಕಾಣುತ್ತವಲ್ಲ, ಅವು ಕಟ್ಟಿದವರ ತಪ್ಪಲ್ಲ. ಗೋಡೆಯೊಳಗಿನ ತೇವ ಹೊರಗೆ ಹೋಗೋಕೆ ಬಿಟ್ಟಿರೋದು. ಅದನ್ನ ಸಿಮೆಂಟ್ ಹಾಕಿ ಮುಚ್ಚಿದರೆ ಇಲಿ ನಿಲ್ಲಬಹುದು, ಗೋಡೆಯೊಳಗೆ ಬೂಷ್ಟು ಹಿಡಿಯುತ್ತೆ. ಅಲ್ಲಿಗೆ ತಾಮ್ರದ ಜಾಲರಿ ತುರುಕಿ. ಗಾಳಿ, ನೀರು ಆಡುತ್ತೆ, ಇಲಿ ಬರಲ್ಲ. ಪಾತ್ರೆ ಉಜ್ಜೋ ಕಬ್ಬಿಣದ ನಾರು ಹ್ಯೂಸ್ಟನ್ ತೇವಕ್ಕೆ ಬೇಗ ತುಕ್ಕು ಹಿಡಿದು ಉದುರಿಹೋಗುತ್ತೆ. ಅಂಗಡಿಯಲ್ಲಿ ಸಿಗೋ ಫೋಮ್ ಸ್ಪ್ರೇ ಒಂದನ್ನೇ ನಂಬಬೇಡಿ. ಇಲಿಗೆ ಅದು ಬೆಣ್ಣೆ ಕಡಿದಷ್ಟೇ ಸುಲಭ. ದೊಡ್ಡ ಸಂದಿಗೆ ಕಾಲು ಇಂಚು ಕಣ್ಣಿನ ತಂತಿ ಬಲೆ ಬಡಿಯೋದೇ ಸರಿ. ಎತ್ತರದ ಛಾವಣಿಗೆ ನೀವೇ ಏಣಿ ಹಾಕಬೇಡಿ, ಅದಕ್ಕೆ ಜನ ಕರೆಸಿ. ಟೆಕ್ಸಸ್‌ನಲ್ಲಿ ದುಡ್ಡು ತಗೊಂಡು ಮನೆಯ ಇಲಿ, ಹುಳ ನಿಯಂತ್ರಣ ಮಾಡೋವರಿಗೆ ರಾಜ್ಯದ ಕೃಷಿ ಇಲಾಖೆಯ ಲೈಸೆನ್ಸ್ ಇರಬೇಕು. ಕೇಳಿ ನೋಡೋಕೆ ಸಂಕೋಚ ಬೇಡ. ತಿಂಗಳು ತಿಂಗಳು ಬಂದು ಪಾಷಾಣದ ಪೆಟ್ಟಿಗೆ ತುಂಬಿಸಿ ಹೋಗ್ತೀವಿ ಅನ್ನೋವರಿಗಿಂತ, ಒಂದು ಸಲ ತೂತೆಲ್ಲ ಮುಚ್ಚಿ ಅದಕ್ಕೆ ವಾರಂಟಿ ಬರೆದುಕೊಡ್ತೀವಿ ಅನ್ನೋವರು ನಮ್ಮ ಮಟ್ಟಿಗೆ ಮೇಲು.

ಯಾವ ಇಲಿ ಅಂತ ಗೊತ್ತಾಗೋದು ಹಿಕ್ಕೆಯಿಂದ. ಜೀರಿಗೆ ಗಾತ್ರ ಇದ್ದರೆ ಚಿಟ್ಟಿಲಿ. ಬೆಂದ ಬಾಸ್ಮತಿ ಅಕ್ಕಿಯಷ್ಟು ಉದ್ದ, ಎರಡು ತುದಿ ಚೂಪು ಇದ್ದರೆ ಸೂರಿನ ಇಲಿ. ಅದಕ್ಕಿಂತ ದಪ್ಪ, ತುದಿ ಮೊಂಡು ಇದ್ದರೆ ನಾರ್ವೆ ಇಲಿ. ಅದು ನಮ್ಮ ಹೆಗ್ಗಣದ ಹಾಗೆ ನೆಲದಲ್ಲಿ ಬಿಲ ತೋಡೋ ಜಾತಿ. ಹಿತ್ತಿಲಲ್ಲಿ ಕಿತ್ತಳೆ, ನಿಂಬೆ ಹಾಕಿರೋವರಿಗೆ ಇನ್ನೂ ಒಂದು ಗುರುತು: ಸೂರಿನ ಇಲಿ ಹಣ್ಣಿಗೆ ದುಂಡಗೆ ಒಂದು ತೂತು ಮಾಡಿ ಒಳಗಿನ ತಿರುಳೆಲ್ಲ ತಿಂದು, ಸಿಪ್ಪೆಯನ್ನ ಮರದಲ್ಲೇ ಖಾಲಿ ಬುರುಡೆಯ ಹಾಗೆ ತೂಗುಬಿಡುತ್ತೆ.

ಊಟದ ವಿಷಯದಲ್ಲಿ ನಮ್ಮ ಮನೆಗಳು ಇಲಿಗೆ ಇಷ್ಟ ಆಗೋದಕ್ಕೆ ಕಾರಣ ನಾವೇ ಇಟ್ಟಿರ್ತೀವಿ. ಇಪ್ಪತ್ತು ಪೌಂಡ್ ಸೋನಾ ಮಸೂರಿ ಚೀಲ, ರಾಗಿ ಹಿಟ್ಟು, ತೊಗರಿಬೇಳೆ, ಕೊಬ್ಬರಿ ಎಲ್ಲಾ ಗ್ಯಾರೇಜ್‌ನಲ್ಲಿ. ಗಟ್ಟಿ ಮುಚ್ಚಳದ ತಗಡಿನ ಡಬ್ಬಿಗೆ ಸುರಿದುಬಿಡಿ. ತೆಳು ಪ್ಲಾಸ್ಟಿಕ್ ಆದರೆ ಕಡಿದು ಹಾಕುತ್ತೆ. ದೇವರ ಮುಂದಿನ ಎಣ್ಣೆ ಬತ್ತಿಯನ್ನ ಇಲಿ ಎಳೆದುಕೊಂಡು ಹೋಗೋದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಇಲ್ಲಿ ಮನೆಯ ಅಸ್ಥಿಪಂಜರವೇ ಮರ. ಉರಿಯೋ ದೀಪ ಬಿಟ್ಟು ಮಲಗಬೇಡಿ, ಇಲಿ ಇರಲಿ ಬಿಡಲಿ.

ಹಿಡಿಯೋದಕ್ಕೆ ಸ್ಪ್ರಿಂಗ್ ಇರೋ ಸ್ನ್ಯಾಪ್ ಟ್ರ್ಯಾಪ್ ನಮ್ಮ ಆಯ್ಕೆ. ಐದು ಡಾಲರ್ ಒಳಗೆ ಒಂದು ಸಿಗುತ್ತೆ. ಒಂದೆರಡು ತಂದು ಆಗಲಿಲ್ಲ ಅನ್ನಬೇಡಿ, ಆರರಿಂದ ಹನ್ನೆರಡು ಬೇಕು. ಚಿಟ್ಟಿಲಿಗೆ ಕುತೂಹಲ ಜಾಸ್ತಿ, ಮೊದಲ ರಾತ್ರಿಯೇ ಬೀಳುತ್ತೆ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಅದಕ್ಕೆ ಮೂರು ನಾಲ್ಕು ದಿನ ಸ್ಪ್ರಿಂಗ್ ಎಳೆಯದೆ ಬರೀ ತಿಂಡಿ ಇಟ್ಟು ಅಭ್ಯಾಸ ಮಾಡಿಸಿ, ಆಮೇಲೆ ಎಳೆದಿಡಿ. ಇಡೋ ಜಾಗ ಅಟ್ಟದಲ್ಲಿ ಅದು ಓಡಾಡೋ ತೊಲೆಯ ಪಕ್ಕ, ಗೋಡೆಗೆ ಅಡ್ಡಲಾಗಿ, ತಿಂಡಿ ಇರೋ ತುದಿ ಗೋಡೆಯ ಕಡೆಗೆ. ಅಂಗಡಿಯವರು ಪೀನಟ್ ಬಟರ್ ಅಂತಾರೆ, ಅದು ಸರಿಯೇ. ಊರಿನ ಬೋನಿಗೆ ಕಟ್ಟುತ್ತಿದ್ದ ಸುಟ್ಟ ಕೊಬ್ಬರಿ ಚೂರೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ. ದಾರದಲ್ಲಿ ಬಿಗಿಯಾಗಿ ಕಟ್ಟಿ, ಇಲ್ಲಾಂದ್ರೆ ಎಗರಿಸಿಕೊಂಡು ಹೋಗುತ್ತೆ. ಕಿರುಚೋ ಅಲ್ಟ್ರಾಸಾನಿಕ್ ಯಂತ್ರಕ್ಕೆ ದುಡ್ಡು ಹಾಕಬೇಡಿ. 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಂಥ ಯಂತ್ರ ಮಾರೋ ಕಂಪನಿಗಳಿಗೆ ಆಧಾರ ಇಲ್ಲದೆ ಹೇಳ್ಕೋಬೇಡಿ ಅಂತ ಎಚ್ಚರಿಕೆ ಪತ್ರ ಕಳಿಸಿತ್ತು. ಅಂಟು ಹಲಗೆ ಕ್ರೂರ. ಅಂಟಿಕೊಂಡ ಇಲಿ ಗಂಟೆಗಟ್ಟಲೆ ಒದ್ದಾಡುತ್ತೆ. ಇಂಗ್ಲೆಂಡ್‌ನಲ್ಲಿ 2024ರ ಜುಲೈ ಕೊನೆಯಿಂದ ಸಾಮಾನ್ಯ ಜನ ಅದನ್ನ ಬಳಸೋ ಹಾಗೇ ಇಲ್ಲ.

ಕೊಲ್ಲೋದು ಅಂದ್ರೆ ನಮ್ಮಲ್ಲಿ ಕೆಲವರಿಗೆ, ಅದರಲ್ಲೂ ಊರಿನಿಂದ ಬಂದಿರೋ ಅಪ್ಪ ಅಮ್ಮಂದಿರಿಗೆ ಮನಸ್ಸು ಒಪ್ಪಲ್ಲ. ಗಣಪತಿಯ ವಾಹನ ಅಲ್ವಾ. ಉತ್ತರ ಕರ್ನಾಟಕದ ನೇಕಾರರ ಊರುಗಳಲ್ಲಿ ಚೌತಿಯ ಮರುದಿನ ಇಲಿವಾರ ಅಂತಲೇ ಮಾಡಿ, ಬಟ್ಟೆ ಕಡಿಯಬೇಡಪ್ಪ ಅಂತ ಇಲಿಗೆ ಎಡೆ ಇಡ್ತಾರೆ. ಆ ಭಾವನೆಗೆ ಗೌರವ ಇದೆ. ಆದರೆ ಬೋನಿನಲ್ಲಿ ಹಿಡಿದು ಕ್ರೀಕ್ ದಂಡೆಗೆ ಬಿಟ್ಟು ಬರೋದು ದಯೆ ಅಂತ ನಮಗೆ ಅನ್ನಿಸಲ್ಲ. ಒಂದೋ ಅದು ಪಕ್ಕದ ಬೀದಿಯ ಮನೆಗೆ ಹೋಗುತ್ತೆ, ಇಲ್ಲಾ ಗೊತ್ತಿಲ್ಲದ ಜಾಗದಲ್ಲಿ ಹಾವಿಗೋ ಗೂಬೆಗೋ ಸಿಗುತ್ತೆ. ಕೊಲ್ಲೋದು ಬೇಡ ಅನ್ನೋವರು ತೂತು ಮುಚ್ಚೋ ಕೆಲಸವನ್ನ ಎಲ್ಲರಿಗಿಂತ ಮೊದಲು ಮಾಡಬೇಕು.

ಪಾಷಾಣದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಊರಿನಲ್ಲಿ ಟೂತ್‌ಪೇಸ್ಟ್ ತರದ ಟ್ಯೂಬ್‌ನಲ್ಲಿ ಸಿಗೋ ಇಲಿ ಪಾಷಾಣ ಹಳದಿ ರಂಜಕ. ಅದನ್ನ ಸೂಟ್‌ಕೇಸಿನಲ್ಲಿ ತರೋ ಯೋಚನೆಯನ್ನೂ ಮಾಡಬೇಡಿ. ಅದು ಲಿವರ್ ಹಾಳುಮಾಡುತ್ತೆ, ಅದಕ್ಕೆ ಪ್ರತ್ಯೌಷಧ ಇಲ್ಲ, ಸಣ್ಣ ಮಕ್ಕಳ ಬಾಯಿಗೆ ಒಂದು ಚೂರು ಹೋದರೂ ಪ್ರಾಣಕ್ಕೆ ಅಪಾಯ. ಇಲ್ಲಿ ಮನೆಬಳಕೆಗೆ ಮಾರೋ ಪಾಷಾಣ ಮಕ್ಕಳಿಗೆ ತೆಗೆಯೋಕೆ ಬಾರದ ಪೆಟ್ಟಿಗೆಯಲ್ಲೇ ಬರುತ್ತೆ. ಆದರೂ ಮನೆಯೊಳಗೆ ಪಾಷಾಣ ಬೇಡ ಅನ್ನೋದೇ ನಮ್ಮ ಸಲಹೆ. ತಿಂದ ಇಲಿ ಸಾಯೋಕೆ ದಿನಗಳು ಬೇಕು, ಸಾಯೋದು ಗೋಡೆಯೊಳಗೆ, ಟೆಕ್ಸಸ್ ಬಿಸಿಗೆ ಆ ವಾಸನೆ ವಾರಗಟ್ಟಲೆ ಹೋಗಲ್ಲ. ಮಗುವಾಗಲಿ ದೊಡ್ಡವರಾಗಲಿ ಪಾಷಾಣ ತಿಂದ ಅನುಮಾನ ಬಂದರೆ ಪಾಯ್ಸನ್ ಕಂಟ್ರೋಲ್ ನಂಬರ್ 1-800-222-1222. ದಿನದ 24 ಗಂಟೆಯೂ ಉಚಿತ, ಭಾಷೆಗೆ ದುಭಾಷಿ ಕೇಳಬಹುದು. ತಪ್ಪಿಬಿದ್ದರೆ, ಉಸಿರಾಟಕ್ಕೆ ಕಷ್ಟ ಆದರೆ ನೇರ 911.

ಇನ್ನು ಕಾಯಿಲೆ. ಕರಾವಳಿ, ಮಲೆನಾಡಿನವರಿಗೆ ಇಲಿಜ್ವರ ಗೊತ್ತು, ಮಳೆಗಾಲದಲ್ಲಿ ಇಲಿಯ ಮೂತ್ರ ಸೇರಿದ ನೀರಿನಿಂದ ಬರೋದು. ನೆರೆ ಬಂದಾಗ ಆ ಅಪಾಯ ಇಲ್ಲೂ ಇದೆ. ಆದರೆ ಟೆಕ್ಸಸ್‌ನಲ್ಲಿ ನಾವು ತಿಳಿದಿರಬೇಕಾದ ಇನ್ನೊಂದು ಜ್ವರ ಮ್ಯೂರೀನ್ ಟೈಫಸ್. ಹೆಸರು ಹತ್ತಿರ ಇದ್ದರೂ ಇದು ಟೈಫಾಯಿಡ್ ಅಲ್ಲ. ಇಲಿ, ಬೀದಿ ಬೆಕ್ಕು, ಹಿತ್ತಿಲಿಗೆ ಬರೋ ಒಪಾಸಮ್ ಮೈಮೇಲಿನ ಚಿಗಟಗಳಿಂದ ಮನುಷ್ಯರಿಗೆ ಬರುತ್ತೆ. ಮೊದಲು ದಕ್ಷಿಣ ಟೆಕ್ಸಸ್‌ನಲ್ಲೇ ಹೆಚ್ಚಿತ್ತು, ಈಚೆಗೆ ಹ್ಯೂಸ್ಟನ್, ಗ್ಯಾಲ್ವೆಸ್ಟನ್ ಕಡೆಯೂ ಕಾಣಿಸ್ತಿದೆ. ಚಿಗಟದಿಂದ ಸೋಂಕು ತಗುಲಿದ ಮೂರರಿಂದ ಹದಿನಾಲ್ಕು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು; ಕೆಲವರಿಗೆ ಮೈಮೇಲೆ ದದ್ದು. ಡಾಕ್ಸಿಸೈಕ್ಲಿನ್ ಅನ್ನೋ ಮಾತ್ರೆಗೆ ಚೆನ್ನಾಗಿ ಗುಣವಾಗುತ್ತೆ, ಆದರೆ ಫ್ಲೂ ಅಂತ ಸುಮ್ಮನಿದ್ದರೆ ಆಸ್ಪತ್ರೆ ಸೇರಬೇಕಾಗಬಹುದು. ನಮ್ಮವರು ಜ್ವರ ಅಂತ ಹೋದರೆ ಡಾಕ್ಟರ್ ಇಂಡಿಯಾಗೆ ಹೋಗಿದ್ರಾ ಅಂತ ಕೇಳ್ತಾರೆ, ಮಾತು ಅಲ್ಲಿಗೇ ತಿರುಗಿಬಿಡುತ್ತೆ. ಅದರ ಜೊತೆಗೆ ಮನೆಯಲ್ಲಿ ಇಲಿ ಇದೆ, ಚಿಗಟ ಕಚ್ಚಿದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಆ ಒಂದು ವಾಕ್ಯದಿಂದ ಸರಿಯಾದ ಮಾತ್ರೆ ಬೇಗ ಸಿಗಬಹುದು.

ಇಲಿಯನ್ನ ಹಗುರಾಗಿ ತಗೊಂಡ ಊರುಗಳಿಗೆ ಎರಡೂ ಕಡೆ ಇತಿಹಾಸ ಇದೆ. 1898ರ ಪ್ಲೇಗ್ ಆದ ಮೇಲೆಯೇ ಬೆಂಗಳೂರಿನವರು ಇಕ್ಕಟ್ಟಿನ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಯಂಥ ಅಗಲ ರಸ್ತೆಯ ಬಡಾವಣೆಗಳಿಗೆ ಹೋದದ್ದು. ಗ್ಯಾಲ್ವೆಸ್ಟನ್ ಬಂದರಿಗೆ ಪ್ಲೇಗ್ ಬಂದದ್ದು 1920ರಲ್ಲಿ.

ಹಿಕ್ಕೆ ಕಂಡ ಕೂಡಲೇ ಪೊರಕೆ, ವ್ಯಾಕ್ಯೂಮ್ ತರಬೇಡಿ. ಧೂಳು ಎದ್ದು ಉಸಿರಿಗೆ ಹೋಗುತ್ತೆ. ಕಿಟಕಿ ತೆಗೆದು ಅರ್ಧ ಗಂಟೆ ಬಿಡಿ, ಗ್ಲೌಸ್ ಹಾಕಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅದರ ಮೇಲೆ ಸಿಂಪಡಿಸಿ, ಐದು ನಿಮಿಷ ನೆನೆದ ಮೇಲೆ ಪೇಪರ್ ಟವೆಲ್‌ನಲ್ಲಿ ಒರೆಸಿ ಚೀಲಕ್ಕೆ ಹಾಕಿ ಕಟ್ಟಿ.

ಬಾಡಿಗೆಗೆ ಇರೋವರ ಕಷ್ಟ ಬೇರೆ. ವೀಸಾ ಮೇಲೆ ಇದ್ದೀವಿ, ದೂರು ಕೊಟ್ರೆ ಏನಾದರೂ ಆಗುತ್ತೇನೋ ಅಂತ ಎಷ್ಟೋ ಜನ ತಿಂಗಳುಗಟ್ಟಲೆ ಇಲಿ ಜೊತೆಗೇ ಇರ್ತಾರೆ. ಮನೆ ರಿಪೇರಿಗೂ ವೀಸಾಕ್ಕೂ ಸಂಬಂಧ ಇಲ್ಲ. ಟೆಕ್ಸಸ್ ಆಸ್ತಿ ಕಾಯ್ದೆಯ 92ನೇ ಅಧ್ಯಾಯದ ಪ್ರಕಾರ, ಬಾಡಿಗೆದಾರರ ಆರೋಗ್ಯ, ಸುರಕ್ಷತೆಗೆ ನಿಜವಾಗಿ ತೊಂದರೆ ಕೊಡೋ ದೋಷವನ್ನ ಸರಿಪಡಿಸೋಕೆ ಮನೆ ಮಾಲೀಕರು ಪ್ರಾಮಾಣಿಕ ಪ್ರಯತ್ನ ಮಾಡಬೇಕು. ನಿಮ್ಮ ಕಡೆಯಿಂದ ಆಗಬೇಕಾದ್ದು: ಬಾಡಿಗೆ ಬಾಕಿ ಇರಬಾರದು, ದೂರು ಬರಹದಲ್ಲಿ ಇರಬೇಕು. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದರೆ ಒಂದೇ ಪತ್ರ ಸಾಕು, ಇಲ್ಲಾಂದ್ರೆ ಎರಡು ಸಲ ತಿಳಿಸಬೇಕು. ಸಾಮಾನ್ಯವಾಗಿ ಏಳು ದಿನವನ್ನ ಸಾಕಷ್ಟು ಸಮಯ ಅಂತ ಕಾನೂನು ಲೆಕ್ಕ ಹಾಕುತ್ತೆ. ಆಮೇಲೂ ಆಗದಿದ್ದರೆ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿಗೆ ಹೋಗಬಹುದು. ಒಳ್ಳೆ ನಂಬಿಕೆಯಿಂದ ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿ ಆರು ತಿಂಗಳೊಳಗೆ ಖಾಲಿ ಮಾಡಿಸೋದು, ಬಾಡಿಗೆ ಏರಿಸೋದು ಕಾನೂನಿಗೆ ವಿರುದ್ಧ. ಒಂದು ತಪ್ಪು ಮಾತ್ರ ಮಾಡಬೇಡಿ: ಸಿಟ್ಟಿಗೆ ಬಾಡಿಗೆ ನಿಲ್ಲಿಸೋದು. ಹಾಗೆ ಮಾಡಿದರೆ ಕಾನೂನಿನ ಬಲ ಅವರ ಕಡೆ ಹೋಗಿಬಿಡುತ್ತೆ. ಹಿಕ್ಕೆಯ, ಕಡಿದ ಚೀಲದ, ತೂತಿನ ಫೋಟೋಗಳನ್ನ ದಿನಾಂಕ ಸಮೇತ ಇಟ್ಟುಕೊಳ್ಳಿ. ಅಡುಗೆಮನೆ ಚೊಕ್ಕಟವಾಗಿರಲಿ, ನಿಮ್ಮ ಗಲೀಜಿಗೇ ಇಲಿ ಬಂತು ಅನ್ನೋ ಮಾತಿಗೆ ಜಾಗ ಕೊಡಬೇಡಿ. ಸ್ವಂತ ಮನೆಯವರು ಇನ್ಶೂರೆನ್ಸ್ ನೆಚ್ಚಿಕೊಳ್ಳೋ ಹಾಗಿಲ್ಲ. ಇಲಿ ಕಡಿದು ಆದ ನಷ್ಟವನ್ನ ಹೆಚ್ಚಿನ ಪಾಲಿಸಿಗಳು ಕೊಡಲ್ಲ.

ಪ್ರಾಜೆಕ್ಟ್ ಮುಗಿಯೋವರೆಗೂ ಆರ್‌ವಿಯಲ್ಲಿ ಇರೋವರಿಗೆ ದೋಣಿಯವರ ನಿಯಮವೇ ಪೂರ್ತಿ ಅನ್ವಯ. ಹೊರಗಿನಿಂದ ಬರೋ ಕರೆಂಟ್ ಕೇಬಲ್, ನೀರಿನ ಪೈಪ್ ಒಳಹೋಗೋ ಜಾಗವನ್ನ ಜಾಲರಿಯಿಂದ ಬಿಗಿ ಮಾಡಿ. ಗಾಡಿಯ ಕೆಳಗೆ ಮಲಗಿ ಮೇಲೆ ನೋಡಿ, ಗ್ಯಾಸ್ ಕೊಳವೆ ಹೋಗೋ ತೂತುಗಳು ಕಾಣುತ್ತೆ.

ಡಿಸೆಂಬರ್ ರಜೆಗೆ ಊರಿಗೆ ಹೊರಟಿರೋವರು ಹೊರಡೋ ವಾರ ಇಷ್ಟು ಮಾಡಿ. ಅಕ್ಕಿ ಬೇಳೆ ಡಬ್ಬಿಗೆ, ಕಸ ಹೊರಗೆ, ನಾಯಿ ಊಟದ ಚೀಲ ಖಾಲಿ, ಮರದಲ್ಲಿ ಹಣ್ಣಾದ ಕಿತ್ತಳೆ ಪಕ್ಕದ ಮನೆಗೆ. ಅಟ್ಟದಲ್ಲಿ ಸ್ಪ್ರಿಂಗ್ ಎಳೆದ ಟ್ರ್ಯಾಪ್ ಬಿಟ್ಟು ಹೋಗಬೇಡಿ, ತಿಂಗಳ ಮೇಲೆ ಬಂದು ತೆಗೆಯೋದು ಯಾರಿಗೂ ಬೇಡ. ಕಾರಿನ ಬಾನೆಟ್ ಒಳಗೆ ಬೆಚ್ಚಗಿರುತ್ತೆ, ಇಲಿ ಗೂಡು ಕಟ್ಟೋದು ಅಲ್ಲೇ, ವೈರ್ ಕಡಿಯೋದೂ ಅಲ್ಲೇ. ಕೀ ಒಂದನ್ನ ಸ್ನೇಹಿತರ ಕೈಲಿ ಕೊಟ್ಟು, ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡಿ ಇಪ್ಪತ್ತು ನಿಮಿಷ ಓಡಿಸೋಕೆ ಹೇಳಿ. ವಾಪಸ್ ಬಂದ ದಿನ ಜೆಟ್‌ಲ್ಯಾಗ್‌ನಲ್ಲೇ ಸ್ಟಾರ್ಟ್ ಮಾಡಬೇಡಿ, ಮೊದಲು ಬಾನೆಟ್ ಎತ್ತಿ ಬ್ಯಾಟರಿ ಪಕ್ಕ, ಏರ್ ಫಿಲ್ಟರ್ ಡಬ್ಬಿಯೊಳಗೆ ಒಮ್ಮೆ ನೋಡಿ.